ಹಳೆಯ ನಾಟಕ, ಹೊಸ ಅವತಾರ: ನೀವು ಊಹಿಸಬಲ್ಲ ಅತಿ ಕೆಟ್ಟ ರೂಪಾಂತರ ಯಾವುದು?

ನೇಪಥ್ಯ

ನಾಟಕ ಆಡುವವರು, ಓದುವವರು, ಬರೀ ಕೂತು ನೋಡುವವರು, ಎಲ್ಲರೂ ಬನ್ನಿ. ಹಳೆಯ ದೊಡ್ಡ ನಾಟಕ ಯಾವುದಾದರೂ ಒಂದನ್ನು ಎತ್ತಿಕೊಳ್ಳಿ. ‘ಇವತ್ತಿನ ಕಾಲಕ್ಕೆ ತರ್ತೀನಿ’ ಅಂತ ಹೊರಟ ನಿರ್ದೇಶಕನೊಬ್ಬ ಅದನ್ನು ಎಷ್ಟು ಕೆಡಿಸಬಹುದೋ ಅಷ್ಟೂ ಕೆಡಿಸಿ ಇಲ್ಲಿ ಬರೆಯಿರಿ. ಹ್ಯಾಮ್ಲೆಟ್‌ಗೆ ಜೀನ್ಸ್ ತೊಡಿಸಿದೆವು ಅಂದರೆ ಸಾಲದು. ನಾಟಕದ ಯಾವ ಕೀಲು ಕಳಚಿಕೊಂಡಿತು ಅನ್ನುವುದನ್ನೂ ಹೇಳಬೇಕು. ನನಗೆ ನಿಜಕ್ಕೂ ತಿಳಿಯಬೇಕಾದದ್ದು ಅದೇ: ಒಂದು ನಾಟಕದಲ್ಲಿ ಏನನ್ನು ಬದಲಿಸಿದರೂ ನಡೆಯುತ್ತದೆ, ಏನನ್ನು ಮುಟ್ಟಿದರೆ ಇಡೀ ನಾಟಕ ಕೂತುಬಿಡುತ್ತದೆ?

ನನ್ನಿಂದಲೇ ಶುರು. ಸೋಫೋಕ್ಲಿಸನ ದೊರೆ ಈಡಿಪಸ್. ಥೀಬ್ಸ್ ಅಂದರೆ ನಲವತ್ತು ಮಹಡಿಯ ಅಪಾರ್ಟ್‌ಮೆಂಟು, ಈಡಿಪಸ್ ಅದರ ಸಂಘದ ಅಧ್ಯಕ್ಷ. ಊರಿಗೆ ಬಂದ ಮಾರಿಯ ಬದಲು ಲಿಫ್ಟ್ ಕೆಟ್ಟಿದೆ. ಮೇಳದ ಬದಲು ವಾಟ್ಸಾಪ್ ಗುಂಪು. ಹಿಂದಿನ ಪರದೆ ತುಂಬ ಅಳುವ ಎಮೋಜಿ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಕಪ್ಪು ಕನ್ನಡಕದ ಡೇಟಾ ಅನಲಿಸ್ಟ್. ಹತ್ತನೇ ನಿಮಿಷಕ್ಕೆ, ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಡಿಎನ್‌ಎ ಕಿಟ್ಟಿನ ವರದಿ ಈಡಿಪಸ್‌ನ ಫೋನಿಗೆ ಬರುತ್ತದೆ: ‘ಅಭಿನಂದನೆಗಳು! ನಿಮ್ಮ ಹತ್ತಿರದ ಸಂಬಂಧಿಯೊಬ್ಬರು ಸಿಕ್ಕಿದ್ದಾರೆ. ಜೊಕಾಸ್ಟ, ತಾಯಿ. ಈಗಲೇ ಮಾತಾಡಿಸಿ.’ ಜೊಕಾಸ್ಟ ಅವನ ಹೆಂಡತಿ. ಉಳಿದ ಒಂದೂವರೆ ಗಂಟೆ ಫ್ಯಾಮಿಲಿ ಕೌನ್ಸೆಲಿಂಗ್.

ಕೀಲು ಎಲ್ಲಿ ಕಳಚಿತು? ಮೂಲದಲ್ಲಿ ಸತ್ಯ ಹೊರಬೀಳುವುದು ಒಳ್ಳೆಯದು ಮಾಡಲು ಬಂದವರ ಬಾಯಿಂದ. ಕಾರಿಂತ್‌ನಿಂದ ಬಂದ ದೂತ ತಂದದ್ದು, ಅಲ್ಲಿಯ ದೊರೆ, ನಿನ್ನ ತಂದೆ ಪಾಲಿಬಸ್ ತೀರಿಕೊಂಡ, ಸಿಂಹಾಸನ ನಿನಗೆ ಕಾದಿದೆ ಅನ್ನುವ ಸುದ್ದಿ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯ ಅನ್ನುವ ಭವಿಷ್ಯವಾಣಿಯಲ್ಲಿ ತಾಯಿಯ ಮಾತಿಗೆ ಈಡಿಪಸ್ ಇನ್ನೂ ಹೆದರುತ್ತಿದ್ದಾನೆ ಅಂತ ಗೊತ್ತಾದಾಗ, ಆ ಭಯ ಕಳೆಯಲೆಂದೇ ದೂತ ಹೇಳುತ್ತಾನೆ, ಅವರು ನಿನ್ನನ್ನು ಹೆತ್ತವರೇ ಅಲ್ಲ ಎಂದು. ಸಮಾಧಾನದ ಮಾತೇ ಕೊರಳಿಗೆ ಬಿತ್ತು. ಪಕ್ಕದಲ್ಲಿ ನಿಂತ ಜೊಕಾಸ್ಟ ಈಡಿಪಸ್‌ಗಿಂತ ಮೊದಲೇ ಎಲ್ಲ ಅರ್ಥ ಮಾಡಿಕೊಂಡು, ಇನ್ನು ಕೇಳಬೇಡ ಎಂದು ಬೇಡಿಕೊಂಡು, ಒಳಗೆ ಹೋಗುತ್ತಾಳೆ. ಅವಳು ಸುಮ್ಮನೆ ನಿಂತು ಕೇಳಿಸಿಕೊಳ್ಳುವ ಆ ಹೊತ್ತಿಗಾಗಿಯೇ ನಾನು ಆ ನಾಟಕಕ್ಕೆ ಮತ್ತೆ ಮತ್ತೆ ಹೋಗುವುದು. ಕಿಟ್ಟಿನ ವರದಿಯಲ್ಲಿ ಅದಕ್ಕೆ ಜಾಗವಿಲ್ಲ.

ಮೂರನೇ ಗಂಟೆ

ನೇಪಥ್ಯ ಅವರೇ, ಎಮೋಜಿ ಮೇಳ ಕಣ್ಣಿಗೆ ಕಟ್ಟಿತು, ನೋಡಬಾರದ್ದನ್ನು ನೋಡಿದ ಹಾಗಾಯಿತು. ಆದರೆ ಒಂದು ತಕರಾರು. ಕೆಟ್ಟದ್ದು ಕಿಟ್ ಅಲ್ಲ, ಅದು ಉಡುಗೊರೆಯಾಗಿ ಬಂದದ್ದು. ಈಡಿಪಸ್ ಮೊದಲ ಭಾಗದಲ್ಲೇ ಏನು ಮಾಡುತ್ತಾನೆ? ಲಾಯಸ್‌ನನ್ನು, ಅಂದರೆ ಹಿಂದಿನ ದೊರೆಯನ್ನು, ಕೊಂದವನಿಗೆ ಯಾರೂ ಆಶ್ರಯ ಕೊಡಕೂಡದು ಅಂತ ಊರೆದುರು ಆಜ್ಞೆ ಹೊರಡಿಸಿ, ಅವನಿಗೆ ಶಾಪ ಹಾಕುತ್ತಾನೆ; ಆ ಕೊಲೆಗಾರ ತಾನೇ ಅಂತ ಗೊತ್ತಿಲ್ಲ. ಆಮೇಲೆ ಹುಡುಕಿದ್ದೆಲ್ಲ ಅವನ ಹಟದಿಂದಲೇ. ಊರಿನ ಪ್ರತಿಯೊಬ್ಬನೂ ಡಿಎನ್‌ಎ ಮಾದರಿ ಕೊಡಲೇಬೇಕು ಎಂದು ಸಹಿ ಹಾಕಿದವನು ಅವನೇ ಆಗಿ, ಎಲ್ಲರಿಗಿಂತ ಮೊದಲು ತನ್ನದನ್ನೇ ಕೊಟ್ಟು ಮಾದರಿ ನಾಯಕನಾಗಿದ್ದರೆ? ವರದಿ ಬರುವವರೆಗೂ ಇಡೀ ನಾಟಕ ಬಿಗಿದುಕೊಂಡೇ ಇರುತ್ತದೆ.

ನೇಪಥ್ಯ

ಹಾಳು ಮಾಡಿ ಅಂದರೆ ರಿಪೇರಿ ಮಾಡ್ತಿದ್ದೀರಲ್ಲ! ಆದರೂ ಒಪ್ಪಿದೆ. ವರದಿ ಓದುವವರು ಯಾರು ಅನ್ನುವುದೊಂದು ಉಳಿಯಿತು. ಮೂಲದಲ್ಲಿ ಕೂಸಾಗಿದ್ದ ಈಡಿಪಸ್‌ನನ್ನು ಸಾಯಿಸಲಾರದೆ ಬೇರೆಯವರ ಕೈಗೆ ಕೊಟ್ಟ ಮುದುಕ ಕುರಿಗಾಹಿ ಇದ್ದಾನೆ; ಅವನು ಬಾಯಿ ಬಿಡಲು ಒಪ್ಪುವುದಿಲ್ಲ, ಈಡಿಪಸ್ ತೋಳು ತಿರುಚಿಸಿ ಹೇಳಿಸುತ್ತಾನೆ. ಲ್ಯಾಬಿನ ಹುಡುಗಿಯೊಬ್ಬಳು ಲಕೋಟೆ ಕೊಡಲಾರದೆ ನಿಂತಿರಬೇಕು.

ಬಯಲುಮಂಟಪ

ಶಾಕುಂತಲಾ ಮುಟ್ಟಲಾರದ ಈ ಚರ್ಚಾ ಮುಗಿಯೂದುಂಟೇನ್ರಿ? ತಗೋರಿ ನಂದೊಂದು. ದುಷ್ಯಂತ ದೊಡ್ಡ ಕಂಪನಿ ಮಾಲಕ, ಡ್ರೋನ್ ಹಾರಿಸ್ಕೋತ ಕಾಡಿಗೆ ಬಂದಾನ. ಕಣ್ವರದ್ದು ಯೋಗಾ ರಿಸಾರ್ಟ್. ದುರ್ವಾಸ ಅಲ್ಲಿಗೆ ಬಂದ ಗಿರಾಕಿ; ಸ್ವಾಗತಕ್ಕ ಯಾರೂ ಬರಲಿಲ್ಲಂತ ಒಂದೇ ಸ್ಟಾರ್ ಕೊಟ್ಟು ಸಿಟ್ಟಿಲೆ ರಿವ್ಯೂ ಬರದು ಹೋಗ್ತಾನ. ಅದ ಶಾಪ. ಉಂಗುರದಾಗ ಜಿಪಿಎಸ್ ಐತಿ, ಹಂಗಾಗಿ ಮೀನಿನ ಹೊಟ್ಟಿಯೊಳಗಿಂದ ‘ನಾನು ಇಲ್ಲಿದ್ದೇನೆ’ ಅಂತ ಅದ ಸಿಗ್ನಲ್ ಕಳಸ್ತದ. ಅರಸ ಮರತದ್ದು ಯಾಕಂದ್ರ ಫೋನ್ ಬದಲಿ ಮಾಡ್ಯಾನ, ಹಳೇ ಕಾಂಟ್ಯಾಕ್ಟ್ ಬಂದಿಲ್ಲ.

ಈಗ ಕೆಟ್ಟದ್ದು ಎಲ್ಲೆ ಅಂದ್ರ ಐದನೇ ಅಂಕದಾಗ. ಅಲ್ಲೆ ಇಬ್ಬರೂ ಖರೇನ ಹೇಳ್ತಾರ, ನೋಡ್ರಿ. ಅಕಿ ಹೇಳೂದೂ ಖರೆ, ಅವಗ ನೆನಪಿಲ್ಲ ಅನ್ನೂದೂ ಖರೆ. ಉಂಗುರ ತೋರಸ್ತೀನಿ ಅಂತ ಬೆರಳು ಮುಟ್ಟಿ ನೋಡ್ತಾಳ, ಬೆರಳು ಖಾಲಿ. ಆ ಖಾಲಿ ಬೆರಳ ಮುಂದ ಯಾವ ಡೈಲಾಗೂ ಬ್ಯಾಡ. ಚಾಟ್ ಹಿಸ್ಟರಿ, ಫೋಟೋ, ಕಾಲ್ ಲಾಗ್ ಎಲ್ಲಾ ಇದ್ದ ಮ್ಯಾಲ ‘ಗೊತ್ತಿಲ್ಲ’ ಅನ್ನೂ ಅರಸ ಸುಳ್ಳ ಅಷ್ಟ.

ಪ್ರಾಂಪ್ಟರ್ ಪೆಟ್ಟಿಗೆ

ಬಯಲುಮಂಟಪ ಸರ್, ನೀವು ಹಾಳು ಮಾಡಲು ಹೋಗಿ ಕಾಳಿದಾಸನಿಗಿಂತ ಹಿಂದಕ್ಕೆ ಹೋಗಿಬಿಟ್ಟಿರಿ. ಮಹಾಭಾರತದ ದುಷ್ಯಂತ ಹಾಗೆಯೇ ಇದ್ದಾನೆ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ನೆನಪಿದ್ದೂ ತುಂಬಿದ ಸಭೆಯಲ್ಲಿ ಗೊತ್ತಿಲ್ಲ ಎನ್ನುತ್ತಾನೆ. ಆಕಾಶವಾಣಿ ಆದಮೇಲೆ, ಜನ ಸಂಶಯಪಟ್ಟಾರೆಂದು ಹಾಗೆ ಮಾಡಿದೆ ಅನ್ನುತ್ತಾನೆ. ಅಲ್ಲಿಯ ಶಕುಂತಲೆ ಸುಮ್ಮನೆ ಅಳುತ್ತ ನಿಲ್ಲುವವಳಲ್ಲ, ರಾಜನಿಗೆ ಸರಿಯಾಗಿ ಝಾಡಿಸುತ್ತಾಳೆ. ಚಾಟ್ ಹಿಸ್ಟರಿ ಕೈಯಲ್ಲಿ ಹಿಡಿದು ಬೋರ್ಡ್ ಮೀಟಿಂಗಿಗೆ ನುಗ್ಗುವ ಶಕುಂತಲೆ ಆ ಹಳೆಯ ಶಕುಂತಲೆಗೆ ಹತ್ತಿರ. ಒಂದು ಸ್ಟಾರಿನ ದುರ್ವಾಸನನ್ನು ಮಾತ್ರ ಯಾವ ಗ್ರಂಥವೂ ಕಾಪಾಡಲಾರದು.

ಇನ್ನೊಂದು ಮಾತು. ನಾವು ಕಷ್ಟಪಟ್ಟು ಊಹಿಸುತ್ತಿರುವ ಕೆಟ್ಟ ರೂಪಾಂತರಗಳನ್ನು ಜನ ನಿಜವಾಗಿಯೂ ಆಡಿದ್ದಾರೆ, ಪ್ರೇಕ್ಷಕರು ಮೆಚ್ಚಿಯೂ ಇದ್ದಾರೆ. 1681ರಲ್ಲಿ ನಹಮ್ ಟೇಟ್ ಎಂಬಾತ ಷೇಕ್ಸ್‌ಪಿಯರನ ಕಿಂಗ್ ಲಿಯರನ್ನು ತಿದ್ದಿದ. ಮಗಳು ಕಾರ್ಡೀಲಿಯ ಸಾಯುವುದಿಲ್ಲ, ಎಡ್ಗರ್‌ನನ್ನು ಮದುವೆಯಾಗುತ್ತಾಳೆ, ಲಿಯರ್‌ಗೆ ರಾಜ್ಯ ವಾಪಸ್. ವಿದೂಷಕನನ್ನು ಪೂರ್ತಿ ಕಿತ್ತುಹಾಕಿದ. ಇಂಗ್ಲೆಂಡಿನ ರಂಗದ ಮೇಲೆ ಸುಮಾರು ಒಂದೂವರೆ ಶತಮಾನ ಆ ಲಿಯರ್ ಮೆರೆಯಿತು. 1838ರಲ್ಲಿ ನಟ ಮ್ಯಾಕ್ರೆಡಿ ವಿದೂಷಕನನ್ನು ಮತ್ತೆ ಒಳಗೆ ಕರೆದುಕೊಂಡು ಬರಬೇಕಾಯಿತು. 1667ರಲ್ಲಿ ಡ್ರೈಡನ್ ಮತ್ತು ಡಾವೆನಂಟ್ ಇಬ್ಬರೂ ಸೇರಿ ಟೆಂಪೆಸ್ಟ್ ನಾಟಕದ ಮಿರಾಂಡಳಿಗೆ ಒಬ್ಬ ತಂಗಿಯನ್ನು ಕೊಟ್ಟರು. ಗಂಡಸನ್ನೇ ನೋಡದ ಹುಡುಗಿಗೆ ಜೋಡಿಯಾಗಿ ಹೆಂಗಸನ್ನೇ ನೋಡದ ಒಬ್ಬ ಹುಡುಗನನ್ನೂ ತಂದರು. ಕ್ಯಾಲಿಬನ್‌ಗೂ ಒಬ್ಬ ಸೋದರಿ! ಡೇವಿಡ್ ಗ್ಯಾರಿಕ್‌ನಂಥ ಮಹಾನಟನೇ 1772ರಲ್ಲಿ ಹ್ಯಾಮ್ಲೆಟ್‌ನಿಂದ ಗೋರಿ ತೋಡುವವರನ್ನು ತೆಗೆದುಹಾಕಿದ.

ಮೂರನೇ ಗಂಟೆ

ಗೋರಿ ತೋಡುವವರಿಲ್ಲದೆ ಹ್ಯಾಮ್ಲೆಟ್! ಅವನು ಯೋರಿಕ್‌ನ ತಲೆಬುರುಡೆ ಹಿಡಿದು ನಿಲ್ಲುವುದು ಎಲ್ಲಿ ಹಾಗಾದರೆ?

ಪ್ರಾಂಪ್ಟರ್ ಪೆಟ್ಟಿಗೆ

ಎಲ್ಲೂ ಇಲ್ಲ. ದುರಂತ ನಾಟಕದೊಳಗೆ ನಗು ಬೆರೆಯಬಾರದು ಅನ್ನುವ ಕಾಲದ ರುಚಿ ಅದು. ಈಗಿನವರು ಫೋನು ತುರುಕುತ್ತಾರೆ, ಅವರು ಸಭ್ಯತೆ ತುರುಕಿದರು.

ಬಾಗಿಲ ಸದ್ದು

ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನನ್ನ ಪ್ರಾಣ, ಅದಕ್ಕೇ ಅದನ್ನೇ ಕೊಲ್ಲುತ್ತೇನೆ. ನೋರಾ ಲೈಫ್‌ಸ್ಟೈಲ್ ಚಾನೆಲ್ ನಡೆಸುವ ಗೃಹಿಣಿ. ಕ್ರಾಗ್‌ಸ್ಟಾಡ್ ಅವಳು ಗಂಡನಿಗೆ ತಿಳಿಯದಂತೆ ಮಾಡಿದ ಸಾಲದ ಗುಟ್ಟು ಬಿಡುತ್ತೇನೆ ಎಂದು ಇಮೇಲಿನಲ್ಲಿ ಬೆದರಿಕೆ ಹಾಕುತ್ತಾನೆ. ಗಂಡ ಟೊರ್ವಾಲ್ಡ್ ಮೀಟಿಂಗಿನಲ್ಲಿ ಕೂತಿರುವಾಗಲೇ ಅದು ಅವನ ಕೈಗಡಿಯಾರದ ಮೇಲೆ ಮಿನುಗುತ್ತದೆ. ಎರಡನೇ ಅಂಕಕ್ಕೇ ಜಗಳ ಮುಗಿಯಿತು. ಕೊನೆಯಲ್ಲಿ ನೋರಾ ಹೊರಡುತ್ತಾಳೆ, ಸ್ಮಾರ್ಟ್ ಬಾಗಿಲು ತಾನೇ ಮೆಲ್ಲಗೆ ಮುಚ್ಚಿಕೊಂಡು ‘ನಿಮ್ಮ ದಿನ ಶುಭವಾಗಲಿ’ ಅನ್ನುತ್ತದೆ. ಹೊರಗೆ ಹೋದವಳು ಮೊದಲು ಮಾಡುವ ಕೆಲಸ ‘ಹೊಸ ಆರಂಭ’ ಅಂತ ಲೈವ್ ಹೋಗುವುದು.

ಮೂಲದ ಕೊನೆಯಲ್ಲಿ ನೋರಾ ಗಂಡ ಮಕ್ಕಳನ್ನು ಬಿಟ್ಟು ಹೊರಟಾಗ ದಡಾರನೆ ಮುಚ್ಚುವ ಬಾಗಿಲ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ, ನಾನೂ ಹೆಸರಿಟ್ಟುಕೊಂಡಿದ್ದು ಅದನ್ನೇ. ಆದರೆ ನಾಟಕವನ್ನು ಹಿಡಿದು ನಿಲ್ಲಿಸಿರುವುದು ಕಾಗದದ ಪೆಟ್ಟಿಗೆ. ಕ್ರಾಗ್‌ಸ್ಟಾಡ್‌ನ ಕಾಗದ ಅದರೊಳಗೆ ಬಿದ್ದಿದೆ, ಕಾಣುತ್ತಿದೆ, ಬೀಗದ ಕೈ ಗಂಡನ ಹತ್ತಿರ ಮಾತ್ರ. ಯಾರೋ ಹೇರ್‌ಪಿನ್ ಹಾಕಿ ಅದನ್ನು ತೆಗೆಯಲು ನೋಡಿದ ಗುರುತೂ ಆಮೇಲೆ ಸಿಗುತ್ತದೆ. ಅವನು ಪೆಟ್ಟಿಗೆಯತ್ತ ಹೋಗದಿರಲಿ ಅಂತಲೇ ಅವಳು ಟ್ಯಾರಂಟೆಲ್ಲ ಕುಣಿಯುವುದು, ಕುಣಿತ ಮರೆತುಹೋಗಿದೆ ಕಲಿಸು ಅಂತ ಅವನನ್ನು ಪಕ್ಕದಲ್ಲೇ ಹಿಡಿದಿಟ್ಟುಕೊಳ್ಳುವುದು. ತನ್ನದೇ ಮನೆಯ ಪೆಟ್ಟಿಗೆಗೆ ತನ್ನ ಹತ್ತಿರ ಬೀಗದ ಕೈ ಇಲ್ಲ, ಸಮಯ ಕೊಳ್ಳಲು ಮೈಯನ್ನೇ ಕುಣಿಸಬೇಕು. ಈ ಮದುವೆ ಎಂಥದ್ದು ಅಂತ ಹೇಳಲು ಇನ್ನೇನು ಬೇಕು? ಕೈಗಡಿಯಾರದ ಮೇಲೆ ಇಮೇಲ್ ಮಿನುಗಿದ ಕ್ಷಣ ಆ ಕುಣಿತಕ್ಕೆ ಕಾರಣವೇ ಇಲ್ಲ. ಆಗ ನಿರ್ದೇಶಕ ಅದನ್ನು ಐಟಂ ಡಾನ್ಸ್ ಮಾಡುತ್ತಾನೆ, ಬರೆದಿಟ್ಟುಕೊಳ್ಳಿ.

ಪ್ರಾಂಪ್ಟರ್ ಪೆಟ್ಟಿಗೆ

ಮೇಡಂ, ನಿಮ್ಮ ಲೈವ್ ನೋರಾಗಿಂತ ಕೆಟ್ಟದ್ದು ಆಗಿಹೋಗಿದೆ. ನಾಟಕ ಬಂದದ್ದು 1879ರಲ್ಲಿ. ಮಾರನೇ ವರ್ಷವೇ ಜರ್ಮನಿಯಲ್ಲಿ ನೋರಾ ಪಾತ್ರದ ನಟಿ, ಮಕ್ಕಳನ್ನು ಬಿಟ್ಟುಹೋಗುವುದನ್ನು ನಾನು ಆಡುವುದಿಲ್ಲ ಅಂದಳು. ನಾಟಕವನ್ನು ಬೇರೆಯವರು ತಿದ್ದದಂತೆ ತಡೆಯಲು ಅಲ್ಲಿ ಕಾನೂನಿನ ರಕ್ಷಣೆ ಇರಲಿಲ್ಲ. ತಾನು ಬರೆಯದಿದ್ದರೆ ಇನ್ಯಾರೋ ಬರೆಯುತ್ತಾರೆ ಅಂತ ಇಬ್ಸೆನ್ ತಾನೇ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ಗಂಡ ಅವಳನ್ನು ಮಲಗಿದ ಮಕ್ಕಳ ಕೋಣೆಯ ಬಾಗಿಲಿಗೆ ಎಳೆದುಕೊಂಡು ಹೋಗುತ್ತಾನೆ, ಅವಳು ಕುಸಿಯುತ್ತಾಳೆ, ಪರದೆ. ತನ್ನ ನಾಟಕದ ಮೇಲಾದ ಅನಾಗರಿಕ ಹಲ್ಲೆ ಅಂತಲೇ ಅವನು ಅದನ್ನು ಕರೆದದ್ದು.

ಬಾಗಿಲ ಸದ್ದು

ಗೊತ್ತು. ಅದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬರೆದವನ ಕೈಯಿಂದಲೇ ಬರೆಸಿದರಲ್ಲ.

ಕಟ್ಟೆಪುರಾಣ

ಒಂದು ಪ್ರಶ್ನೆ ಮಾರಾಯ್ರೆ. ರೋಮಿಯೋ ಜೂಲಿಯೆಟ್ ಬಗ್ಗೆ ಎಲ್ಲರೂ ಒಂದೇ ಹೇಳುವುದು: ಒಂದು ಮೊಬೈಲ್ ಇದ್ದಿದ್ದರೆ ನಾಟಕವೇ ಇರುತ್ತಿರಲಿಲ್ಲ. ಹೌದಾ? ಹಾಗಾದರೆ ಈಗಿನ ಕಾಲಕ್ಕೆ ತಂದರೆ ‘ನೆಟ್‌ವರ್ಕ್ ಇರಲಿಲ್ಲ’ ಅಂತ ಒಂದು ಸಾಲು ಸೇರಿಸಲೇಬೇಕಾ?

ಮೂರನೇ ಗಂಟೆ

ಬೇಡ, ದಯವಿಟ್ಟು ಬೇಡ. ನೆಟ್‌ವರ್ಕ್ ಇಲ್ಲದ ರೋಮಿಯೋನೇ ಅತಿ ಕೆಟ್ಟ ರೋಮಿಯೋ. ಐದನೇ ಅಂಕ ತೆರೆದು ನೋಡಿ. ಪಾದ್ರಿ ಲಾರೆನ್ಸ್‌ನ ಕಾಗದ, ಜೂಲಿಯೆಟ್ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಅನ್ನುವುದು, ರೋಮಿಯೋ ಇದ್ದ ಮ್ಯಾಂಟುವಾಕ್ಕೆ ತಲುಪಲಿಲ್ಲ. ಅದನ್ನು ಒಯ್ಯಬೇಕಿದ್ದ ಪಾದ್ರಿ ಜಾನ್‌ನನ್ನು ಸೋಂಕಿನ ಶಂಕೆಯಿಂದ ಒಂದು ಮನೆಯೊಳಗೆ ಕೂಡಿಹಾಕಿದ್ದರು. ಅದನ್ನೇ ಎಲ್ಲರೂ ನೆನಪಿಟ್ಟುಕೊಂಡಿರುವುದು. ಆದರೆ ಅದಕ್ಕೆ ಮುಂಚೆಯೇ ಇನ್ನೊಂದು ಸುದ್ದಿ ತಲುಪಿಬಿಟ್ಟಿದೆ. ಸೇವಕ ಬಾಲ್ತಸಾರ್ ಜೂಲಿಯೆಟ್‌ಳನ್ನು ಗೋರಿಯಲ್ಲಿ ಇಟ್ಟದ್ದನ್ನು ಕಣ್ಣಾರೆ ಕಂಡು ಕುದುರೆ ಏರಿ ಓಡಿಬಂದಿದ್ದಾನೆ. ಸುಳ್ಳು ಹೇಳಿದವನಲ್ಲ, ಕಂಡದ್ದನ್ನೇ ಹೇಳಿದ. ತಪ್ಪು ಸುದ್ದಿ ಪ್ರಾಮಾಣಿಕನ ಬಾಯಿಂದ ಮೊದಲು ಬಂತು, ಸರಿ ಸುದ್ದಿ ದಾರಿಯಲ್ಲೇ ಉಳಿಯಿತು. ಇದಕ್ಕೆ ಮೊಬೈಲ್ ಅಡ್ಡಿಯೇ ಅಲ್ಲ. ಗುಂಪಿನಲ್ಲಿ ಗೋರಿಯ ಫೋಟೋ ಬಂದು ಐದು ನಿಮಿಷ ಆಗಿರುತ್ತದೆ, ಪಾದ್ರಿಯ ಮೆಸೇಜು ಗೊತ್ತಿಲ್ಲದ ನಂಬರಿನಿಂದ ಬಂದದ್ದೆಂದು ಬೇರೆ ಕಡೆ ಬಿದ್ದಿರುತ್ತದೆ. ಫೋನನ್ನು ಕಿತ್ತುಕೊಳ್ಳುವುದಲ್ಲ, ಎಲ್ಲರ ಕೈಗೂ ಕೊಡಬೇಕು.

ಪ್ರಾಂಪ್ಟರ್ ಪೆಟ್ಟಿಗೆ

ಇದನ್ನೂ ಸೇರಿಸಿಕೊಳ್ಳಿ: 1660ರ ದಶಕದಲ್ಲಿ ಜೇಮ್ಸ್ ಹೊವರ್ಡ್ ಎಂಬಾತ ಇಬ್ಬರನ್ನೂ ಬದುಕಿಸಿದ. ಆಗಿನ ರಂಗಭೂಮಿಯಲ್ಲಿ ಪ್ರಾಂಪ್ಟರ್ ಆಗಿದ್ದ ಜಾನ್ ಡೌನ್ಸ್ ಬರೆದಿಟ್ಟಿರುವಂತೆ, ಒಂದು ದಿನ ದುರಂತ, ಮರುದಿನ ಸುಖಾಂತ, ಹೀಗೆ ಸರದಿಯ ಮೇಲೆ ಆಡುತ್ತಿದ್ದರು.

ಕಟ್ಟೆಪುರಾಣ

ಸರದಿಯ ಮೇಲೆ! ಇವತ್ತು ಟಿಕೆಟ್ ತಗೊಂಡವನಿಗೆ ಸಾವು, ನಾಳೆಯವನಿಗೆ ಮದುವೆ. ನಾನು ಇನ್ನು ಬಾಯಿ ಮುಚ್ಚುತ್ತೇನೆ, ಇದಕ್ಕಿಂತ ಕೆಟ್ಟದ್ದು ನನ್ನ ತಲೆಗೆ ಬರುವುದಿಲ್ಲ.

ಮಣ್ಣಿನಬಂಡಿ

ಮೃಚ್ಛಕಟಿಕ ಎಲ್ಲಿ? ಹತ್ತು ಅಂಕದ ಆ ಮಹಾ ನಾಟಕವನ್ನು ಯಾರೂ ಎತ್ತಲೇ ಇಲ್ಲ. ಕನ್ನ ಹಾಕುವ ಕಳ್ಳ ಶರ್ವಿಲಕ ಈಗ ಹ್ಯಾಕರ್. ಟೋಪಿಯ ಅಂಗಿ, ಕತ್ತಲೆ ಕೋಣೆ, ಹಸಿರು ಅಕ್ಷರಗಳು, ಎರಡು ಸಲ ಕೀಬೋರ್ಡ್ ಕುಟ್ಟಿ ‘ಒಳಗೆ ಬಂದೆ’ ಅನ್ನುತ್ತಾನೆ. ನಾಯಕ ಚಾರುದತ್ತನ ಖಾತೆ ಖಾಲಿ. ಅಷ್ಟೆ.

ಮೂರನೇ ಅಂಕವನ್ನು ಓದಿದವರಿಗೆ ಇದು ಯಾಕೆ ಅಪರಾಧ ಅಂತ ಗೊತ್ತು. ಶರ್ವಿಲಕ ಗೋಡೆಯ ಮುಂದೆ ನಿಂತು ಶಾಸ್ತ್ರ ಹೇಳುತ್ತಾನೆ. ನೀರು ಕುಡಿದು ಮೆದುವಾದ ಜಾಗ ಯಾವುದು, ಸುಟ್ಟ ಇಟ್ಟಿಗೆಯನ್ನು ಎಳೆಯಬೇಕೋ ಒಡೆಯಬೇಕೋ, ಕನ್ನಕ್ಕೆ ಯಾವ ಆಕಾರ: ಅರಳಿದ ಕಮಲವೋ, ಸೂರ್ಯನೋ, ಬಾಲಚಂದ್ರನೋ, ಸ್ವಸ್ತಿಕವೋ, ಪೂರ್ಣಕುಂಭವೋ? ಪೂರ್ಣಕುಂಭವೇ ಇಲ್ಲಿ ಒಪ್ಪುತ್ತದೆ ಅಂತ ತೀರ್ಮಾನಿಸುತ್ತಾನೆ. ಅಳತೆಯ ದಾರ ಮರೆತುಬಂದಿದ್ದಾನೆ, ಜನಿವಾರದಿಂದಲೇ ಅಳೆಯುತ್ತಾನೆ. ಕದಿಯುವುದು ತಾನು ಪ್ರೀತಿಸಿದ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು. ಬೆಳಿಗ್ಗೆ ಎದ್ದ ಚಾರುದತ್ತ ಹೋದ ಒಡವೆಗಿಂತ ಮೊದಲು ಕನ್ನದ ಅಂದವನ್ನು ಮೆಚ್ಚುತ್ತಾನೆ. ಕಳ್ಳನಿಗೂ ಕಳೆದುಕೊಂಡವನಿಗೂ ಒಂದೇ ರಸಿಕತೆ. ಆ ಗೋಡೆ, ಆ ಆಕಾರ ಎರಡೂ ಹೋದಮೇಲೆ ಉಳಿಯುವುದು ಸೈಬರ್ ಕ್ರೈಮ್ ವರದಿ.

ಬಯಲುಮಂಟಪ

ಶಕಾರನ್ನ ಏನ್ ಮಾಡ್ತೀರಿ? ರಾಜನ ಭಾವಮೈದ, ಆ ಹುಂಬ.

ಮಣ್ಣಿನಬಂಡಿ

ಶಕಾರನನ್ನು ಕೆಡಿಸಲು ಕೂತೆ, ಆಗಲಿಲ್ಲ. ಅವನಿಗೊಂದು ಫೋನು ಕೊಟ್ಟು ಇನ್‌ಫ್ಲುಯೆನ್ಸರ್ ಮಾಡಿದೆ, ಹೋದಲ್ಲೆಲ್ಲ ಪುರಾಣದ ವಿಡಿಯೋ ಬಿಡುತ್ತಾನೆ. ಮೂಲದಲ್ಲಿ ಅವನು ರಾಮಾಯಣ ಮಹಾಭಾರತ ಎರಡನ್ನೂ ಕಲಸಿ, ದ್ರೌಪದಿ ರಾಮನಿಗೆ ಹೆದರಿ ಓಡಿದಳು ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ, ಅದೂ ಪೂರ್ತಿ ಆತ್ಮವಿಶ್ವಾಸದಿಂದ. ಹಿಂದೆ ಭಾವನ ಅಧಿಕಾರ ಇರುವುದರಿಂದ ಎದುರಾಡುವವರಿಲ್ಲ. ಅದೇ ಬಾಯಿ ಕೊನೆಗೆ ನಾಯಕಿ ವಸಂತಸೇನೆಯ ಕೊಲೆಯನ್ನು ಚಾರುದತ್ತನ ತಲೆಗೆ ಕಟ್ಟುತ್ತದೆ. ಎರಡು ವಾಕ್ಯ ಬದಲಿಸುವುದರೊಳಗೆ ಅವನು ಇವತ್ತಿನವನಾಗಿ ಎದುರು ನಿಂತುಬಿಟ್ಟ.

ಕೊನೆಸಾಲಿನ ಕುರ್ಚಿ

ಮೋಲಿಯೇರ್‌ನ ಟಾರ್ಟೂಫ್ ಬೇಗ ಹೇಳಿ ಮುಗಿಸುತ್ತೇನೆ. ಕಪಟ ಭಕ್ತನನ್ನು ಹಿಡಿಯಲು ಎಲ್ಮೀರ್ ಕೋಣೆಯಲ್ಲಿ ಗುಪ್ತ ಕ್ಯಾಮೆರಾ ಇಡುತ್ತಾಳೆ. ಗಂಡ ಆರ್ಗಾನ್ ಆಫೀಸಿನಲ್ಲಿ ಕೂತು ವಿಡಿಯೋ ನೋಡುತ್ತಾನೆ. ಕೆಟ್ಟಿತು! ಗಂಡ ಇರಬೇಕಾದದ್ದು ಅದೇ ಕೋಣೆಯಲ್ಲಿ, ಮೇಜಿನ ಕೆಳಗೆ, ಮೇಲುಹಾಸಿನ ಮರೆಯಲ್ಲಿ. ಎಲ್ಮೀರ್ ಕೆಮ್ಮುತ್ತಾಳೆ, ಮತ್ತೆ ಕೆಮ್ಮುತ್ತಾಳೆ, ಅವನು ಹೊರಗೆ ಬರುವುದೇ ಇಲ್ಲ. ನಾವೆಲ್ಲ ಮಾತಾಡುತ್ತಿರುವವರನ್ನು ಬಿಟ್ಟು ಮೇಜನ್ನು ನೋಡುತ್ತಿರುತ್ತೇವೆ. ಹೆಂಡತಿಯ ಮಾನಕ್ಕೆ ಅಲುಗದ ಮೇಜು, ಟಾರ್ಟೂಫ್ ‘ನಿನ್ನ ಗಂಡನನ್ನು ಮೂಗು ಹಿಡಿದು ಎಳೆದಾಡಿಸಬಹುದು’ ಅನ್ನುವ ಅರ್ಥದ ಮಾತಾಡಿದ ಮೇಲೆಯೇ ಬಾಯಿಬಿಡುವುದು. 1664ರಲ್ಲಿ ನಿಷೇಧವಾಗಿ 1669ರವರೆಗೆ ಸಾರ್ವಜನಿಕ ಪ್ರದರ್ಶನದ ಅನುಮತಿಗೆ ಕಾದ ನಾಟಕವನ್ನು ಒಂದು ಕ್ಯಾಮೆರಾ ಮೂರು ನಿಮಿಷದಲ್ಲಿ ಮುಗಿಸುತ್ತದೆ.

ಕಟ್ಟೆಪುರಾಣ

ಬಾಯಿ ಮುಚ್ಚುತ್ತೇನೆ ಅಂದಿದ್ದೆ, ಆಗುವುದಿಲ್ಲ. ತುಘಲಕ್‌ನನ್ನು ಸ್ಟಾರ್ಟಪ್ ಸಿಇಓ ಮಾಡಿದರೆ? ಹೆಡ್ ಆಫೀಸ್ ಶಿಫ್ಟ್, ತಾಮ್ರದ ನಾಣ್ಯದ ಬದಲು ಕ್ರಿಪ್ಟೋ.

ಮೂರನೇ ಗಂಟೆ

ತೀರ ಸಲೀಸಾಗಿ ಕೂತುಕೊಳ್ಳುತ್ತದೆ, ಅದಕ್ಕೇ ಅದು ಕೆಟ್ಟದ್ದು. ಕಾರ್ನಾಡರ 1964ರ ಸುಲ್ತಾನ ರಾತ್ರಿಯಿಡೀ ನಿದ್ದೆಗೆಟ್ಟು ಪ್ರಜೆಗಳ ಬಗ್ಗೆ ಯೋಚಿಸುವ ಮನುಷ್ಯ, ಪ್ರಾರ್ಥನೆಯ ಹೊತ್ತಿನಲ್ಲೇ ತನ್ನನ್ನು ಕೊಲ್ಲಲು ಬಂದವರನ್ನು ಕಂಡವನು. ಸಿಇಓಗೆ ರಾಜೀನಾಮೆ ಕೊಟ್ಟು ಹೋಗಲು ಬಾಗಿಲಿದೆ. ಸುಲ್ತಾನನಿಗೆ ಇಲ್ಲ.

ಬಾಗಿಲ ಸದ್ದು

ಹಾಗಿದ್ದರೆ ಸರಿಯಾದ ರೂಪಾಂತರಕ್ಕೆ ಕನ್ನಡದಲ್ಲೇ ಬಿಎಂಶ್ರೀ ಇದ್ದಾರಲ್ಲ. ಸೋಫೋಕ್ಲಿಸನ ಏಜಾಕ್ಸ್‌ನನ್ನು ತರುವಾಗ ಅವರು ಹುಡುಕಿದ್ದು ಬಟ್ಟೆಬರೆಯನ್ನಲ್ಲ. ರಾತ್ರಿಯ ಕೊಲೆಯ ಕಳಂಕ ಹೊತ್ತು ಹಗಲಿಗೆ ಮುಖ ತೋರಿಸಲಾರದ ವೀರ ನಮ್ಮಲ್ಲಿ ಯಾರು ಅಂತ ಕೇಳಿಕೊಂಡರು, ಅಶ್ವತ್ಥಾಮ ಸಿಕ್ಕ. ಕುವೆಂಪು ಹ್ಯಾಮ್ಲೆಟ್‌ನ ಜಾಡು ಹಿಡಿದು ‘ರಕ್ತಾಕ್ಷಿ’ ಬರೆದದ್ದೂ ಹಾಗೆಯೇ, ಕಥೆಗೆ ಒಗ್ಗುವ ನೆಲ ಹುಡುಕಿ. ನಾವಿಲ್ಲಿ ಕೆಡಿಸಿದವರೆಲ್ಲ ಹುಡುಕಿದ್ದು ಗ್ಯಾಜೆಟ್ಟು.

ನೇಪಥ್ಯ

ಕೊನೆಗೆ ನಾನು ಉಳಿಸಿಕೊಂಡಿದ್ದ ರತ್ನ. ಬೆಕೆಟ್‌ನ ಗೋಡೋ. ಮೂಲದಲ್ಲಿ ವ್ಲಾಡಿಮಿರ್, ಎಸ್ಟ್ರಗಾನ್ ಎಂಬ ಇಬ್ಬರು ಒಂದು ಮರದ ಬಳಿ ಬಾರದ ಗೋಡೋಗಾಗಿ ಕಾಯುತ್ತಲೇ ಇರುತ್ತಾರೆ. ಈಗ ಇಬ್ಬರೂ ಆ್ಯಪಿನಲ್ಲಿ ಗೋಡೋನ ಲೈವ್ ಲೊಕೇಶನ್ ನೋಡುತ್ತಿದ್ದಾರೆ. ‘5 ನಿಮಿಷದಲ್ಲಿ ತಲುಪುತ್ತಾರೆ.’ ಎರಡು ಗಂಟೆ ಕಾಲ ಅದೇ ಐದು ನಿಮಿಷ. ಗೋಡೋ ಇವತ್ತು ಬರುವುದಿಲ್ಲ ಎಂದು ಹೇಳಲು ಬರುವ ಹುಡುಗನ ಬದಲು ನೋಟಿಫಿಕೇಶನ್: ‘ಗೋಡೋ ಇಂದು ಬರಲಾರರು, ನಾಳೆಗೆ ಮರುನಿಗದಿ ಮಾಡಲಾಗಿದೆ.’

ಕೊನೆಸಾಲಿನ ಕುರ್ಚಿ

ಐದು ನಿಮಿಷ ಅಲ್ಲಾಡದಿರುವುದು ನನಗೆ ಕೆಟ್ಟದ್ದಾಗಿ ಕಾಣುತ್ತಿಲ್ಲ. ಕೆಟ್ಟದ್ದು ನೋಟಿಫಿಕೇಶನ್. ಆ್ಯಪಿಗೆ ನಿನ್ನೆ ಏನಾಯಿತು ಅನ್ನುವ ದಾಖಲೆ ಇರುತ್ತದೆ. ಈ ನಾಟಕದಲ್ಲಿ ನಿನ್ನೆಯ ಬಗ್ಗೆ ಯಾರಿಗೂ ಖಾತ್ರಿ ಇರಬಾರದು. ಎಸ್ಟ್ರಗಾನ್ ಮರೆಯುತ್ತಾನೆ, ಎರಡನೇ ಅಂಕಕ್ಕೆ ಕುರುಡನಾಗಿ ಬಂದ ದಾರಿಹೋಕ ಪೋಟ್ಸೋಗೆ ಇವರನ್ನು ಕಂಡ ನೆನಪೇ ಇಲ್ಲ, ಹುಡುಗ ಬಂದು ನಿನ್ನೆ ಬಂದವನು ನಾನಲ್ಲ ಅನ್ನುತ್ತಾನೆ. ಆಗ ವ್ಲಾಡಿಮಿರ್ ಒಬ್ಬನೇ ನಿನ್ನೆಯನ್ನು ಹೊತ್ತುಕೊಂಡು ನಿಲ್ಲಬೇಕು. ಅಲ್ಲದೆ ಆ ಹುಡುಗನಿಗೆ ಭಯವಿದೆ, ಅವನ ಅಣ್ಣನಿಗೋ ತಮ್ಮನಿಗೋ ಗೋಡೋ ಹೊಡೆಯುತ್ತಾನೆ. ಕಾಯುತ್ತಿರುವುದು ಎಂಥವನಿಗಾಗಿ ಅನ್ನುವ ಸಂಶಯ ಹುಟ್ಟುವುದೇ ಆ ಮಗುವಿನಿಂದ.

ಮೂರನೇ ಗಂಟೆ

ಹಾಗಾದರೆ ಹೀಗೆ ಮಾಡೋಣ. ಇಬ್ಬರ ನಡುವೆ ಒಂದೇ ಫೋನು. ಮೊದಲ ಅಂಕದ ಕೊನೆಗೆ ಅದು ಸತ್ತಿದೆ. ಎರಡನೇ ಅಂಕದಲ್ಲಿ ಮರಕ್ಕೆ ನಾಲ್ಕೈದು ಎಲೆ ಬಂದಿವೆ, ಫೋನಿನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜ್ ಬಂದಿದೆ. ಯಾರು ಹಾಕಿದರು? ಗೊತ್ತಿಲ್ಲ. ಆನ್ ಮಾಡಿ ನೋಡಿದರೆ ಹಳೆಯದೇನೂ ಇಲ್ಲ, ಎಲ್ಲ ಅಳಿಸಿಹೋಗಿದೆ. ಆಗ ಹುಡುಗ ಬರುತ್ತಾನೆ, ನಡೆದುಕೊಂಡು.

ಪ್ರಾಂಪ್ಟರ್ ಪೆಟ್ಟಿಗೆ

ಹಕ್ಕು ಸಿಗುವುದು ಕಷ್ಟ. 1988ರಲ್ಲಿ ಹಾಲೆಂಡಿನ ತಂಡವೊಂದು ಹೆಂಗಸರನ್ನು ಹಾಕಿಕೊಂಡು ಆಡಿದ್ದಕ್ಕೇ ಬೆಕೆಟ್ ಕೋರ್ಟಿಗೆ ಹೋಗಿದ್ದ, ಸೋತ. ಫೋನಿಗೆ ಏನನ್ನುತ್ತಿದ್ದನೋ.

ನೇಪಥ್ಯ

ಮೂರನೇ ಗಂಟೆಯವರೇ, ನಿಮ್ಮದು ಸ್ಪರ್ಧೆಯಿಂದ ಹೊರಗೆ. ನಾನು ಕೇಳಿದ್ದು ಅತಿ ಕೆಟ್ಟದ್ದನ್ನು, ನೀವು ಕೊಟ್ಟದ್ದಕ್ಕೆ ನಾನೇ ಟಿಕೆಟ್ ತಗೊಂಡು ಬರುತ್ತೇನೆ. ಗೋಡೋ ಅನ್ನುವ ಹೆಸರು ಬಿಟ್ಟು ನಿಮ್ಮದೇ ನಾಟಕವಾಗಿ ಬರೆಯಿರಿ, ಆಗ ಯಾರ ಅನುಮತಿಯೂ ಬೇಡ. ಮೊದಲ ಅಂಕವಾದರೂ ಇಲ್ಲಿ ಹಾಕಿ, ನಾವು ಓದುತ್ತೇವೆ. ಹುಡುಗನನ್ನು ಮಾತ್ರ ತೆಗೆಯಬೇಡಿ.